ಬೆಂಗಳೂರಲ್ಲಿ ಮಗಳಿಗೆ ರೂಮ್: ಬಾಡಿಗೆ ಕೇಳುವ ಮೊದಲು ವರ್ಷದ ಲೆಕ್ಕ ಹಾಕಿ

ಪ್ರಶ್ನೆ: ನಾವು ದಾವಣಗೆರೆ ನಿಟ್ಟುವಳ್ಳಿಯವರು. ಮಗಳಿಗೆ ಸಿಇಟಿಯಲ್ಲಿ ಬೆಂಗಳೂರಿನ ಕೆಂಗೇರಿ ಕಡೆ ಕಾಲೇಜೊಂದರಲ್ಲಿ ಎಂಜಿನಿಯರಿಂಗ್ ಸೀಟು ಸಿಕ್ಕಿದೆ. ಕಾಲೇಜಿನ ಹಾಸ್ಟೆಲ್ಲಿಗೆ ವರ್ಷಕ್ಕೆ 1,40,000 ಕೇಳುತ್ತಿದ್ದಾರೆ. ಯಜಮಾನರು ಎಪಿಎಂಸಿಯಲ್ಲಿ ದಲಾಲಿ ಅಂಗಡಿಯ ಗುಮಾಸ್ತರು. ವಸತಿ, ಊಟ ಎರಡೂ ಸೇರಿ ವರ್ಷಕ್ಕೆ 80ರಿಂದ 90 ಸಾವಿರ ಹೊಂದಿಸಬಹುದು, ಅದಕ್ಕಿಂತ ಜಾಸ್ತಿ ಆಗಲ್ಲ. ನಾವು 2ಎ. ಕಾಲೇಜಿನ ಪಕ್ಕದ ಪಿಜಿ ತಿಂಗಳಿಗೆ 11,500 ಅಂತೆ. ಮೂವರು ಹುಡುಗಿಯರು ಸೇರಿ ಮನೆ ಮಾಡಿದರೆ ಅಗ್ಗ ಅಂತ ಒಬ್ಬರು, ಭೋಗ್ಯಕ್ಕೆ ಹಾಕಿಕೊಳ್ಳಿ ಅಂತ ಇನ್ನೊಬ್ಬರು ಹೇಳುತ್ತಾರೆ. ನಾನೇ ಹೋಗಿ ಅವಳ ಜೊತೆ ಇದ್ದುಬಿಡಲಾ ಅಂತಲೂ ಅನ್ನಿಸುತ್ತಿದೆ. ಏನು ಮಾಡಲಿ ಸರ್?

ಉತ್ತರ: ಅಮ್ಮಾ, ಮೊದಲೇ ಹೇಳಿಬಿಡುತ್ತೇನೆ, ನೀವು ಹೇಳಿದ ದುಡ್ಡಲ್ಲಿ ಆಗುತ್ತದೆ. ಆದರೆ ಕಾಲೇಜಿನ ಗೇಟಿನ ಎದುರು ಆಗಲ್ಲ. ಇಲ್ಲಿ ಮನೆಯಲ್ಲಿ ಕೂತು ಫೋನಿನಲ್ಲಿ ಫೋಟೋ ನೋಡಿಕೊಂಡು ಮುಂಗಡ ಕಳಿಸಿದರೂ ಆಗಲ್ಲ. ಮೊದಲ ವರ್ಷ ಸರ್ಕಾರದ ಅಥವಾ ಸಮುದಾಯದ ಹಾಸ್ಟೆಲ್, ಇಲ್ಲವೇ ಸ್ವಲ್ಪ ದೂರದ ಪಿಜಿ, ಎರಡನೇ ವರ್ಷ ಬೇಕಾದರೆ ಗೆಳತಿಯರ ಜೊತೆ ಮನೆ. ಇದು ನನ್ನ ಅಭಿಪ್ರಾಯ. ಯಾಕೆ ಅಂತ ಲೆಕ್ಕ ಹಾಕಿ ತೋರಿಸುತ್ತೇನೆ. ಎಲ್ಲರೂ ತಿಂಗಳ ಬಾಡಿಗೆ ನೋಡಿ ಇದು ಅಗ್ಗ, ಅದು ದುಬಾರಿ ಅಂತ ತೀರ್ಮಾನ ಮಾಡಿಬಿಡುತ್ತಾರೆ. ವರ್ಷದ ಕೊನೆಗೆ ಕೂಡಿಸಿ ನೋಡುವುದೇ ಇಲ್ಲ.

ಮೊದಲು ಮೂವರು ಸೇರಿ ಮನೆ ಮಾಡುವ ವಿಷಯ. ಕೆಂಗೇರಿ ಉಪನಗರದಲ್ಲೋ ಉಳ್ಳಾಲ ಉಪನಗರದಲ್ಲೋ 15,000 ಬಾಡಿಗೆಗೆ ಒಂದು ಮನೆ ಸಿಕ್ಕಿತು ಅಂತ ಇಟ್ಟುಕೊಳ್ಳಿ. ತಲೆಗೆ 5,000. ಸ್ವಲ್ಪ ದೂರ ಹೋದರೆ ಸಿಗುವ ಎಂಟು ಸಾವಿರದ ಪಿಜಿ ಎಲ್ಲಿ, ಐದು ಸಾವಿರ ಎಲ್ಲಿ ಅಂತ ಅನ್ನಿಸುತ್ತೆ ಅಲ್ವಾ? ನಿಲ್ಲಿ. ಆ ಮನೆಗೆ ಅಡ್ವಾನ್ಸ್ ಕೊಡಬೇಕು. ಬೆಂಗಳೂರಲ್ಲಿ ಹತ್ತು ತಿಂಗಳ ಬಾಡಿಗೆ ಅಡ್ವಾನ್ಸ್ ಅನ್ನೋದು ಹಳೇ ರೂಢಿ. ಈಗ ಎಷ್ಟೋ ಕಡೆ ಐದಾರು ತಿಂಗಳಿಗೆ ಇಳಿದಿದೆ. ಆರು ತಿಂಗಳೇ ಅಂದುಕೊಂಡರೂ 90,000, ನಿಮ್ಮ ಪಾಲಿಗೆ 30,000. ಅದನ್ನು ಎರಡು ರೂಪಾಯಿ ಬಡ್ಡಿಗೆ ತಂದರೆ ತಿಂಗಳಿಗೆ 600 ಬಡ್ಡಿಗೇ ಹೋಯಿತು. ಹುಡುಗಿ ರಜೆಗೆ ಊರಿಗೆ ಬಂದರೂ ಬಾಡಿಗೆ ನಿಲ್ಲಲ್ಲ, ಹನ್ನೆರಡು ತಿಂಗಳೂ ಕಟ್ಟಬೇಕು. ಹಾಗಾಗಿ ಬಾಡಿಗೆ 60,000, ಬಡ್ಡಿ 7,200. ಊಟಕ್ಕೆ ರೇಷನ್, ತರಕಾರಿ, ಹಾಲು ಅಂತ ತಿಂಗಳಿಗೆ 2,500ರ ಹಾಗೆ ಹತ್ತು ತಿಂಗಳಿಗೆ 25,000. ಗ್ಯಾಸ್, ನೀರು, ಇಂಟರ್ನೆಟ್ಟಿಗೆ ತಿಂಗಳಿಗೆ 600 ಹಿಡಿದರೆ 6,000. ಎಲ್ಲ ಸೇರಿ 98,200. ಇನ್ನೂ ಪಾತ್ರೆ, ಸ್ಟೌ, ಹಾಸಿಗೆ ಲೆಕ್ಕಕ್ಕೆ ಬಂದಿಲ್ಲ. ಮನೆ ಬಿಡುವಾಗ ಪೇಂಟಿಂಗ್ ಅಂತ ಮಾಲೀಕರು ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುತ್ತಾರೆ, ಅದೂ ಬಂದಿಲ್ಲ.

ಈಗ ಪಿಜಿ. ಕಾಲೇಜಿನಿಂದ ದೂರದ ನಾಗರಭಾವಿ, ಮಲ್ಲತ್ತಹಳ್ಳಿ, ಮರಿಯಪ್ಪನಪಾಳ್ಯದ ಕಡೆ ತ್ರೀ ಶೇರಿಂಗ್, ಫೋರ್ ಶೇರಿಂಗ್‌ನಲ್ಲಿ ಊಟ ಸೇರಿ 8,000ದ ಆಸುಪಾಸು ಹುಡುಕಬಹುದು. ಹತ್ತು ತಿಂಗಳಿಗೆ 80,000. ಬಿಡುವಾಗ ಮೇಂಟೆನೆನ್ಸ್ ಅಂತ ಒಂದೂವರೆ ಎರಡು ಸಾವಿರ ಹಿಡಿದುಕೊಳ್ಳುತ್ತಾರೆ. 82,000 ಅಂದುಕೊಳ್ಳಿ. ನೋಡಿ, ತಿಂಗಳ ಲೆಕ್ಕದಲ್ಲಿ ಅಗ್ಗವಾಗಿದ್ದ ಮನೆ ವರ್ಷದ ಲೆಕ್ಕದಲ್ಲಿ 16,000 ಜಾಸ್ತಿ ಆಯಿತು.

ಹಾಗಂತ ಮನೆ ಯಾವತ್ತೂ ದುಬಾರಿಯೇ ಅಂತಲ್ಲ. ಅದೇ ಮನೆಗೆ ನಾಲ್ಕು ಜನ ಆದರೆ ತಲೆಗೆ 3,750 ಬಾಡಿಗೆ, 22,500 ಅಡ್ವಾನ್ಸ್. ಬಡ್ಡಿ ಸೇರಿ ವರ್ಷಕ್ಕೆ 81,400ಕ್ಕೆ ಬರುತ್ತದೆ. ಅಡ್ವಾನ್ಸ್ ಸಾಲ ಮಾಡದೆ ಕೈಯಿಂದಲೇ ಕೊಟ್ಟರೆ 76,000. ಅಂದರೆ ನಾಲ್ಕು ಜನ ಇರಬೇಕು, ನಾಲ್ವರೂ ವರ್ಷಪೂರ್ತಿ ನಿಲ್ಲುವವರಾಗಿರಬೇಕು. ಮಧ್ಯದಲ್ಲಿ ಒಬ್ಬಳು ಜಗಳ ಮಾಡಿಕೊಂಡು ಹೊರಟರೆ ಅವಳ ಪಾಲು ಉಳಿದವರ ತಲೆಗೆ. ಕಾಲೇಜು ಶುರುವಾಗುವ ಮೊದಲು ನಿಮ್ಮ ಮಗಳಿಗೆ ಅಂಥ ಮೂವರು ಎಲ್ಲಿ ಗೊತ್ತಿರುತ್ತಾರೆ? ಯಾರದೋ ಗ್ರೂಪಲ್ಲಿ ಸಿಕ್ಕ ಹೆಸರುಗಳ ಜೊತೆ 90,000 ಅಡ್ವಾನ್ಸ್ ಹಾಕುವುದು ನನಗಂತೂ ಸರಿ ಕಾಣಲ್ಲ. ಒಂದು ವರ್ಷ ಹೋಗಲಿ. ಯಾರು ಬೆಳಿಗ್ಗೆ ಏಳುತ್ತಾರೆ, ಯಾರು ಸಾಲ ತಗೊಂಡು ಮರೆಯುತ್ತಾರೆ, ಯಾರು ಪಾತ್ರೆ ತೊಳೆಯಲ್ಲ ಅನ್ನೋದೆಲ್ಲ ಅವಳಿಗೇ ಗೊತ್ತಾಗುತ್ತದೆ. ಆಮೇಲೆ ಮನೆ ಮಾಡಲಿ.

ಆದರೆ ಪಿಜಿಗೂ ಮೊದಲು ಇನ್ನೊಂದು ಬಾಗಿಲು ತಟ್ಟಬೇಕು. ಸರ್ಕಾರಿ ಹಾಸ್ಟೆಲ್. 2ಎ ಅಂದಿರಿ. ಹಾಗಾದರೆ ನಿಮ್ಮದು ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಯ ಮೆಟ್ರಿಕ್ ನಂತರದ ಬಾಲಕಿಯರ ಹಾಸ್ಟೆಲ್. ಪರಿಶಿಷ್ಟರಿಗೆ ಸಮಾಜ ಕಲ್ಯಾಣ ಇಲಾಖೆ ಮತ್ತು ಪರಿಶಿಷ್ಟ ವರ್ಗಗಳ ಇಲಾಖೆ, ಅಲ್ಪಸಂಖ್ಯಾತರಿಗೆ ಅವರದೇ ಇಲಾಖೆಯ ಹಾಸ್ಟೆಲ್‌ಗಳಿವೆ. ಊಟ, ವಸತಿ ಉಚಿತ. ಅರ್ಜಿ ಆನ್‌ಲೈನ್, ಸ್ಟೇಟ್ ಹಾಸ್ಟೆಲ್ ಪೋರ್ಟಲ್ ಅಂತ ಇದೆ. ಇಲ್ಲಿ ಬಹಳ ಜನ ಎಡವುವುದು ಎಲ್ಲಿ ಅಂದರೆ, ದಾವಣಗೆರೆಯ ಜಿಲ್ಲಾ ಕಚೇರಿಗೆ ಹೋಗಿ ಬೆಂಗಳೂರಿನ ಸೀಟು ಕೇಳುತ್ತಾರೆ. ಹಾಸ್ಟೆಲ್ ಎಲ್ಲಿದೆಯೋ ಅಲ್ಲಿನ ಕಚೇರಿಯವರು ನೋಡುವ ಕೆಲಸ ಅದು. ಅರ್ಜಿಯಲ್ಲಿ ಕಾಲೇಜಿಗೆ ಹತ್ತಿರದ ಹಾಸ್ಟೆಲ್ ಆರಿಸಬೇಕು. ಒಂದೇ ಹಾಸ್ಟೆಲ್ ಹಾಕಿ ಕೂರಬೇಡಿ, ಆಯ್ಕೆ ಎಷ್ಟು ಕೊಟ್ಟಿದ್ದಾರೋ ಅಷ್ಟೂ ತುಂಬಿ.

ಕಾಗದ ಪತ್ರ ಈಗಲೇ ಜೋಡಿಸಿ. ಜಾತಿ ಮತ್ತು ಆದಾಯ ಪ್ರಮಾಣಪತ್ರ ನಾಡಕಚೇರಿಯಲ್ಲಿ ಸಿಗುತ್ತದೆ. ಅದರ ಮೇಲೆ ಆರ್‌ಡಿ ಅಂತ ಶುರುವಾಗುವ ನಂಬರ್ ಇರುತ್ತದಲ್ಲ, ಅರ್ಜಿಯಲ್ಲಿ ಕೇಳುವುದು ಅದನ್ನೇ. ಪಿಯುಸಿ ಹೊತ್ತಿಗೆ ಮಾಡಿಸಿದ ಆದಾಯ ಪತ್ರದ ಅವಧಿ ಮುಗಿದಿದೆಯಾ ನೋಡಿಕೊಳ್ಳಿ. ಆಧಾರ್‌ನಲ್ಲಿ ಇರುವ ಹೆಸರು, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇರುವ ಹೆಸರು ಒಂದೇ ಇರಲಿ. ಇನಿಷಿಯಲ್ ಹಿಂದೆ ಮುಂದೆ ಆದರೂ ಅರ್ಜಿ ಕೂತುಬಿಡುತ್ತದೆ. ಆದಾಯದ ಮಿತಿ ಒಂದೊಂದು ಪ್ರವರ್ಗಕ್ಕೆ ಒಂದೊಂದು ಥರ. ಆ ವರ್ಷದ ಪ್ರಕಟಣೆಯಲ್ಲೇ ಓದಿ, ಪಕ್ಕದ ಮನೆಯವರ ಮಾತು ನಂಬಬೇಡಿ.

ಬೆಂಗಳೂರಿನಲ್ಲಿ ಅರ್ಜಿ ಜಾಸ್ತಿ, ಸೀಟು ಕಡಿಮೆ. ಸಿಗದೆ ಹೋಗಬಹುದು. ಸಿಗದಿದ್ದವರಿಗೆ ಅಂತಲೇ ವಿದ್ಯಾಸಿರಿ ಇದೆ. ಶುರುವಾದಾಗ ತಿಂಗಳಿಗೆ 1,500ರಂತೆ ವರ್ಷಕ್ಕೆ ಹತ್ತು ತಿಂಗಳು, ಅಂದರೆ 15,000 ಕೊಡುತ್ತಿದ್ದರು. ಈಗಿನ ಮೊತ್ತ ಅರ್ಜಿ ಹಾಕುವಾಗ ನೋಡಿ. 15,000 ಅಂತಲೇ ಹಿಡಿದರೂ ನಿಮ್ಮ ಪಿಜಿಯ ಸುಮಾರು ಎರಡು ತಿಂಗಳು ಕಳೆಯಿತು. ಇದಕ್ಕೆ ಅರ್ಜಿ ಬೇರೆ ಪೋರ್ಟಲ್, ವಿದ್ಯಾರ್ಥಿವೇತನದ ಎಸ್‌ಎಸ್‌ಪಿ. ಹಾಸ್ಟೆಲ್ ಅರ್ಜಿ ಹಾಕಿದ್ದೇವಲ್ಲ ಅಂತ ಇದನ್ನು ಬಿಟ್ಟುಬಿಟ್ಟವರನ್ನು ಬೇಕಾದಷ್ಟು ನೋಡಿದ್ದೇನೆ. ದುಡ್ಡು ಮಗಳ ಖಾತೆಗೆ ಬರುತ್ತದೆ, ಆ ಖಾತೆಗೆ ಆಧಾರ್ ಜೋಡಣೆ ಆಗಿರಬೇಕು. ಬ್ಯಾಂಕಿಗೆ ಹೋಗಿ ಎನ್‌ಪಿಸಿಐ ಮ್ಯಾಪಿಂಗ್ (ಸರ್ಕಾರದ ದುಡ್ಡು ಆಧಾರ್ ಮೂಲಕ ಈ ಖಾತೆಗೇ ಬರುವ ಹಾಗೆ ಜೋಡಿಸುವುದು) ಆಗಿದೆಯಾ ಅಂತಲೇ ಕೇಳಿ, ಬರೀ ಆಧಾರ್ ಲಿಂಕ್ ಅಂದರೆ ಅವರು ಹೂಂ ಅಂದು ಕಳಿಸಿಬಿಡುತ್ತಾರೆ. ಒಂದು ಮಾತು ಮಾತ್ರ ನೆನಪಿಡಿ: ಈ ದುಡ್ಡು ತಿಂಗಳ ಒಂದನೇ ತಾರೀಕು ಬರಲ್ಲ. ಯಾವಾಗಲೋ ಒಟ್ಟಿಗೆ ಬರುತ್ತದೆ. ಬಾಡಿಗೆಗೆ ಅದನ್ನೇ ನೆಚ್ಚಿಕೊಂಡು ಕೂರಬೇಡಿ, ಬಂದಾಗ ಮುಂದಿನ ವರ್ಷದ ಅಡ್ವಾನ್ಸ್‌ಗೆ ಎತ್ತಿಡಿ.

ಇನ್ನು ಸಾಲದ ಮಾತು. ಮೇಲೆ ಎರಡು ರೂಪಾಯಿ ಬಡ್ಡಿ ಅಂದೆನಲ್ಲ, ಅದು ನೂರಕ್ಕೆ ತಿಂಗಳಿಗೆ ಎರಡು, ವರ್ಷಕ್ಕೆ ಇಪ್ಪತ್ನಾಲ್ಕು. ದೇವರಾಜ ಅರಸು ಹಿಂದುಳಿದ ವರ್ಗಗಳ ಅಭಿವೃದ್ಧಿ ನಿಗಮದ ಅರಿವು ಸಾಲ ಇದೆ. ಸಿಇಟಿ ಮೂಲಕ ಸೀಟು ಪಡೆದ ಮಕ್ಕಳಿಗೆ ಅದು ವರ್ಷಕ್ಕೆ ನೂರಕ್ಕೆ ಎರಡರ ಬಡ್ಡಿ. ಅದು ಫೀಜಿಗೆ ಒದಗಿದರೆ ನಿಮ್ಮ ಕೈಯಲ್ಲಿರುವ ದುಡ್ಡು ವಸತಿಗೆ ಉಳಿಯುತ್ತದೆ. ದಲಾಲಿ ಅಂಗಡಿ ಸಾಹುಕಾರರ ಹತ್ತಿರ ಮುಂಗಡ ಕೇಳುವ ಮೊದಲು ಯಜಮಾನರಿಗೆ ಜಿಲ್ಲಾಡಳಿತ ಭವನಕ್ಕೆ ಒಂದು ಸುತ್ತು ಹೋಗಿಬರಲು ಹೇಳಿ. ಇದನ್ನಂತೂ ಇಲ್ಲೇ ವಿಚಾರಿಸಬಹುದು.

ಸಮುದಾಯಗಳ ಹಾಸ್ಟೆಲ್ ಬಗ್ಗೆ ನೀವು ಕೇಳಲಿಲ್ಲ, ಆದರೆ ಹೇಳಬೇಕು. ಹಿಂದೆ ಬಡ ಹುಡುಗರು ವಾರಾನ್ನ ಉಂಡು ಓದುತ್ತಿದ್ದ ಕಾಲದಲ್ಲಿ, ಹಳ್ಳಿ ಮಕ್ಕಳಿಗೆ ಪಟ್ಟಣದಲ್ಲಿ ಮಲಗಲು ಜಾಗ ಕೊಟ್ಟಿದ್ದು ಮಠಗಳು ಮತ್ತು ಈ ಸಂಘಗಳು. ಬೆಂಗಳೂರು ರೈಲು ನಿಲ್ದಾಣದ ಎದುರಿನ ತೋಟದಪ್ಪನವರ ಛತ್ರ ಗೊತ್ತಲ್ಲ, 1903ರದ್ದು. ಗುಬ್ಬಿ ತೋಟದಪ್ಪನವರು ಬರೀ ಪ್ರಯಾಣಿಕರಿಗೆ ಛತ್ರ ಕಟ್ಟಿ ಸುಮ್ಮನಾಗಲಿಲ್ಲ, ಓದುವ ಹುಡುಗರಿಗೆ ವಿದ್ಯಾರ್ಥಿನಿಲಯವನ್ನೂ ಮಾಡಿದರು. ನಮ್ಮ ಕಡೆಯ ಸಿರಿಗೆರೆ ಮಠ, ಚಿತ್ರದುರ್ಗದ ಮುರುಘಾ ಮಠದ ಹಾಸ್ಟೆಲ್‌ಗಳಲ್ಲಿ ಉಂಡು ಓದಿದವರು ಈ ಎರಡೂ ಜಿಲ್ಲೆಯಲ್ಲಿ ಬೀದಿಗೊಬ್ಬರು ಸಿಗುತ್ತಾರೆ. ಜಾತಿ ನೋಡಿ ಸೀಟು ಕೊಡುವುದು ನನಗೆ ಪೂರ್ತಿ ಒಪ್ಪಿಗೆಯ ವಿಷಯವಲ್ಲ. ಆದರೂ ಮಗಳ ಓದಿನ ಮುಂದೆ ನನ್ನ ಒಪ್ಪಿಗೆ ಯಾರಿಗೆ ಬೇಕು? ನಿಮ್ಮ ಸಮುದಾಯದ ಸಂಘದ ದಾವಣಗೆರೆ ಪದಾಧಿಕಾರಿಗಳನ್ನು ಈ ವಾರವೇ ಭೇಟಿ ಮಾಡಿ. ಬೆಂಗಳೂರಲ್ಲಿ ಹೆಣ್ಣುಮಕ್ಕಳ ಹಾಸ್ಟೆಲ್ ಇದೆಯಾ, ಬೇರೆಯವರದರಲ್ಲಿ ತೆಗೆದುಕೊಳ್ಳುತ್ತಾರಾ ಕೇಳಿ. ಇಂಥ ಕಡೆ ಅಂಕಪಟ್ಟಿ ಜೊತೆಗೆ ಊರಿನ ಪರಿಚಯಸ್ಥರ ಒಂದು ಪತ್ರವೂ ಕೆಲಸಕ್ಕೆ ಬರುತ್ತದೆ. ಹುಡುಗಿಯರ ಸೀಟು ಹುಡುಗರಿಗಿಂತ ಕಡಿಮೆ ಇರುವುದರಿಂದ ತಡ ಮಾಡಿದರೆ ಹೋಯಿತು.

ಈಗ ಜಾಗದ ಆಯ್ಕೆ. ಮಗಳು ಅನ್ನುವುದರಿಂದ ನಿಮಗೆ ಒಂದು ದೊಡ್ಡ ಅನುಕೂಲ ಇದೆ, ಶಕ್ತಿ ಯೋಜನೆ. ಜೂನ್ 2023ರಿಂದ ಬಿಎಂಟಿಸಿಯ ಸಾಮಾನ್ಯ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ದುಡ್ಡಿಲ್ಲ. ಗಂಡು ಹುಡುಗನಿಗೆ ದೂರದ ರೂಮು ಹಿಡಿದರೆ ಪಾಸಿನ ಖರ್ಚು ಸೇರಿಸಬೇಕು, ನಿಮಗೆ ಅದು ಸೊನ್ನೆ. ಹೀಗಾಗಿ ಕಾಲೇಜಿನ ಪಕ್ಕದ 11,500ಕ್ಕೂ ನಾಲ್ಕೈದು ಕಿಲೋಮೀಟರ್ ಆಚೆಯ 8,000ಕ್ಕೂ ಇರುವ ವ್ಯತ್ಯಾಸ ಪೂರ್ತಿ ನಿಮ್ಮದೇ ಉಳಿತಾಯ, ಹತ್ತು ತಿಂಗಳಿಗೆ 35,000. ವಜ್ರ ಬಸ್ಸಿಗೂ ಮೆಟ್ರೋಗೂ ಶಕ್ತಿ ಇಲ್ಲ ಅನ್ನುವುದು ನೆನಪಿರಲಿ. ಕೆಂಗೇರಿಗೆ ನೇರಳೆ ಮೆಟ್ರೋ ಇದೆ ನಿಜ. ಆದರೆ ಫೆಬ್ರುವರಿ 2025ರ ದರ ಏರಿಕೆ ಆದ ಮೇಲೆ ದಿನಾ ಎರಡು ಹೊತ್ತು ಮೆಟ್ರೋ ಅಂದರೆ ನಿಮ್ಮ ಲೆಕ್ಕ ತಪ್ಪುತ್ತದೆ. ಪರೀಕ್ಷೆ ದಿನ, ಜೋರು ಮಳೆ ದಿನ ಇಟ್ಟುಕೊಳ್ಳಲಿ.

ದುಡ್ಡು ಉಳಿಯಿತು ಅಂತ ತೀರಾ ದೂರ ಹೋಗಬೇಡಿ. ಬಸ್ಸು ಪುಕ್ಕಟೆ, ಹೊತ್ತು ಪುಕ್ಕಟೆ ಅಲ್ಲ. ಒಂದೇ ಬಸ್ಸು, ಬದಲಾಯಿಸುವ ಹಾಗಿಲ್ಲ, ಮುಕ್ಕಾಲು ಗಂಟೆಯೊಳಗೆ ಕಾಲೇಜು. ಇಷ್ಟೇ ಮಿತಿ ಇಟ್ಟುಕೊಳ್ಳಿ. ಎರಡು ಬಸ್ಸು ಅಂದರೆ ಬೆಂಗಳೂರಲ್ಲಿ ಎಷ್ಟು ಹೊತ್ತು ಅಂತ ಹೇಳಲಿಕ್ಕೇ ಬರಲ್ಲ. ಮೊದಲ ಸೆಮಿಸ್ಟರಿನಲ್ಲಿ ಗಣಿತ ಬ್ಯಾಕ್ ಉಳಿಸಿಕೊಳ್ಳುವುದಕ್ಕೆ ಇಂಥ ಓಡಾಟವೇ ಸಾಕು.

ಇನ್ನೊಂದು ವಿಷಯ ದಾವಣಗೆರೆಯವರಿಗೆ ಮಾತ್ರ ಹೊಳೆಯುವಂಥದ್ದು. ಊರಿಂದ ಬರುವ ಬಸ್ಸು ನೆಲಮಂಗಲ ದಾಟಿ ಗೊರಗುಂಟೆಪಾಳ್ಯಕ್ಕೆ ಬರುತ್ತದೆ. ಎಲ್ಲರೂ ಅಭ್ಯಾಸಬಲದಿಂದ ಮೆಜೆಸ್ಟಿಕ್‌ವರೆಗೆ ಹೋಗಿ ಅಲ್ಲಿಂದ ಮತ್ತೆ ಕೆಂಗೇರಿ ಬಸ್ಸು ಹುಡುಕುತ್ತಾರೆ. ಗೊರಗುಂಟೆಪಾಳ್ಯದಲ್ಲೇ ಇಳಿದರೆ ಅಲ್ಲಿಂದ ಹೊರವರ್ತುಲ ರಸ್ತೆ ಸುಮನಹಳ್ಳಿ, ನಾಗರಭಾವಿ ಮೇಲೆ ನಾಯಂಡಹಳ್ಳಿಗೆ ಹೋಗುತ್ತದೆ. ನಾಯಂಡಹಳ್ಳಿಯಲ್ಲಿ ಮೈಸೂರು ರಸ್ತೆ, ಅದೇ ರಸ್ತೆಯಲ್ಲಿ ಕೆಂಗೇರಿ. ನಾಗರಭಾವಿ ಎರಡಕ್ಕೂ ನಡುವೆ ಬೀಳುತ್ತದೆ. ಊರಿಗೆ ಬರುವಾಗ ಹೋಗುವಾಗ ಸುಲಭ, ಕಾಲೇಜಿಗೂ ದೂರವಲ್ಲ. ಪಕ್ಕದಲ್ಲೇ ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ ಇರುವುದರಿಂದ ವಿದ್ಯಾರ್ಥಿಗಳಿಗೆ ಒಗ್ಗಿದ ಏರಿಯಾ. ಹೆಣ್ಣುಮಕ್ಕಳು ರಾತ್ರಿ ಎಂಟಕ್ಕೆ ನಡೆದು ಬಂದರೂ ಯಾರೂ ತಿರುಗಿ ನೋಡಲ್ಲ. ಮೊದಲು ಅಲ್ಲಿಂದ ಹುಡುಕಲು ಶುರುಮಾಡಿ, ಸಿಗದಿದ್ದರೆ ಕೆಂಗೇರಿ ಉಪನಗರ, ನಾಗದೇವನಹಳ್ಳಿ. ವಿಜಯನಗರದಲ್ಲಿ ನಮ್ಮ ಕಡೆಯವರು ಬಹಳ ಇದ್ದಾರೆ, ಆದರೆ ಸ್ಪರ್ಧಾತ್ಮಕ ಪರೀಕ್ಷೆಯ ಕೋಚಿಂಗ್ ಹುಡುಗರೆಲ್ಲ ಅಲ್ಲೇ ತುಂಬಿ ಬೆಲೆ ಏರಿದೆ.

ಹುಡುಕುವುದು ಯಾವಾಗ? ಕಾಲೇಜು ತೆರೆಯುವ ವಾರ ಪಿಜಿಯವರು ಹೇಳಿದ್ದೇ ರೇಟು. ಆ ವಾರ ಚೌಕಾಸಿ ನಡೆಯಲ್ಲ. ಒಂದು ತಿಂಗಳಿಗೆ ಮಾತ್ರ ಅಂತ ಎಲ್ಲಾದರೂ ಒಂದು ಬೆಡ್ ಹಿಡಿಯಿರಿ, ಸ್ವಲ್ಪ ಜಾಸ್ತಿ ಆದರೂ ಪರವಾಗಿಲ್ಲ. ಮೂರು ತಿಂಗಳು ಇರಲೇಬೇಕು ಅನ್ನುವ ಕಡೆ ಹೋಗಬೇಡಿ. ಆ ತಿಂಗಳಲ್ಲಿ ಸೀನಿಯರ್ ಹುಡುಗಿಯರನ್ನು ಕೇಳಿ ನಿಜವಾದ ಜಾಗ ಹುಡುಕಲಿ. ಯಾವ ಪಿಜಿಯಲ್ಲಿ ಸಾಂಬಾರು ನೀರು, ಯಾವುದರಲ್ಲಿ ಅಡ್ವಾನ್ಸ್ ವಾಪಸ್ ಕೊಡಲ್ಲ ಅನ್ನುವುದು ಅವರಿಗೆ ಗೊತ್ತಿರುವಷ್ಟು ಯಾವ ಆ್ಯಪಿಗೂ ಗೊತ್ತಿಲ್ಲ.

ನೋಡಲು ಹೋಗುವುದಾದರೆ ಸಂಜೆ ಏಳರ ಮೇಲೆ ಹೋಗಿ. ಬೆಳಿಗ್ಗೆ ಹನ್ನೊಂದಕ್ಕೆ ಎಲ್ಲ ಪಿಜಿಯೂ ಚೆನ್ನಾಗಿಯೇ ಕಾಣುತ್ತದೆ, ಒಳಗೆ ಯಾರೂ ಇರಲ್ಲವಲ್ಲ. ಸಂಜೆ ಹುಡುಗಿಯರೆಲ್ಲ ವಾಪಸ್ ಬಂದಿರುತ್ತಾರೆ. ಎಷ್ಟು ಜನಕ್ಕೆ ಎಷ್ಟು ಬಾತ್‌ರೂಮ್, ಬಿಸಿನೀರಿಗೆ ಎಷ್ಟು ಹೊತ್ತು ಕಾಯುತ್ತಾರೆ ಗೊತ್ತಾಗುತ್ತದೆ. ಮೇಲಿನ ಮಹಡಿಯ ಹುಡುಗಿಯನ್ನು ಮಾತಾಡಿಸಿ, ಓನರ್ ಪಕ್ಕದಲ್ಲಿ ಇಲ್ಲದಾಗ. ಬೇಸಿಗೆಯಲ್ಲಿ ನೀರು ಹೇಗೆ ಅಂತ ಕೇಳಿ. 2024ರ ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿ ಬೆಂಗಳೂರು ಪರದಾಡಿದ್ದು ನೋಡಿದ್ದೀರಿ. ಕಾವೇರಿ ನೀರಿನ ಸಂಪರ್ಕ ಇದೆಯಾ, ಬರೀ ಟ್ಯಾಂಕರಾ? ಬಸ್ ಸ್ಟಾಪಿನಿಂದ ಪಿಜಿವರೆಗೆ ಕತ್ತಲಾದ ಮೇಲೆ ನೀವೇ ಒಂದು ಸಲ ನಡೆದು ನೋಡಿ. ಗೇಟು ಎಷ್ಟಕ್ಕೆ ಹಾಕುತ್ತಾರೆ ಕೇಳಿ, ಲ್ಯಾಬ್ ಮುಗಿಸಿ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡ ದಿನ ಏನು ಮಾಡುತ್ತಾರೆ ಅದನ್ನೂ ಕೇಳಿ.

2024ರ ಆಗಸ್ಟಿನಲ್ಲಿ ಆಗಿನ ಬಿಬಿಎಂಪಿ ಪಿಜಿಗಳಿಗೆ ನಿಯಮ ಮಾಡಿತು. ಒಬ್ಬರಿಗೆ ಕನಿಷ್ಠ 70 ಚದರ ಅಡಿ ಜಾಗ, ದಿನಕ್ಕೆ 135 ಲೀಟರ್ ನೀರು, ಪ್ರವೇಶದ ಕಡೆ ಸಿಸಿಟಿವಿ, ಕಾವಲಿಗೆ ಜನ, ಅಡುಗೆ ಮಾಡಿದರೆ ಆಹಾರ ಸುರಕ್ಷತೆಯ ಲೈಸೆನ್ಸ್, ಬೆಂಕಿ ನಂದಿಸುವ ವ್ಯವಸ್ಥೆ. ಹತ್ತು ಅಡಿ ಹನ್ನೆರಡು ಅಡಿ ರೂಮಿನಲ್ಲಿ ನಾಲ್ಕು ಮಂಚ ಹಾಕಿದರೆ ತಲೆಗೆ ಮೂವತ್ತು ಚದರ ಅಡಿ ಬರುತ್ತದೆ, ನಿಯಮದ ಅರ್ಧವೂ ಇಲ್ಲ. ಟೇಪು ಹಿಡಿದು ಹೊರಟರೆ ನಿಮ್ಮ ದುಡ್ಡಿಗೆ ಸಿಗುವ ಪಿಜಿಗಳಲ್ಲಿ ಪಾಸಾಗುವುದು ಕಷ್ಟ. ಅದು ಗೊತ್ತಿದ್ದೇ ಹೇಳುತ್ತಿದ್ದೇನೆ. ಜಾಗದಲ್ಲಿ ಸ್ವಲ್ಪ ರಾಜಿ ಆಗಬೇಕಾಗುತ್ತದೆ. ಆದರೆ ಲೈಸೆನ್ಸ್ ಇಲ್ಲದ್ದು, ಒಂದೇ ಕಿರಿದಾದ ಮೆಟ್ಟಿಲು ಇದ್ದು ಅದರ ಕೆಳಗೇ ಗ್ಯಾಸ್ ಸಿಲಿಂಡರ್ ಸಾಲಾಗಿ ಇಟ್ಟಿರುವುದು, ಕಿಟಕಿ ತೆರೆಯಲಾಗದ್ದು, ಈ ಮೂರರಲ್ಲಿ ಯಾವುದು ಕಂಡರೂ ಎರಡು ಸಾವಿರ ಕಡಿಮೆ ಅಂದರೂ ಬೇಡ.

ಕೆಲವರು ಬಾಡಿಗೆ ಮೇಲೆ ಜಿಎಸ್‌ಟಿ ಅಂತ ಬೇರೆ ಕೇಳುತ್ತಾರೆ. ಜುಲೈ 2024ರಿಂದ ತಲೆಗೆ ತಿಂಗಳಿಗೆ 20,000ದವರೆಗಿನ ಹಾಸ್ಟೆಲ್, ಪಿಜಿ ವಸತಿಗೆ, ಸತತ 90 ದಿನ ಇರುವವರಿಗೆ ಜಿಎಸ್‌ಟಿ ಇಲ್ಲ. ಅಷ್ಟು ಹೇಳಿದರೆ ಸಾಕು, ಸುಮ್ಮನಾಗುತ್ತಾರೆ.

ಅಡ್ವಾನ್ಸ್ ಎಷ್ಟು, ಬಿಡುವಾಗ ಎಷ್ಟು ಹಿಡಿಯುತ್ತೀರಿ, ಎಷ್ಟು ದಿನ ಮುಂಚೆ ಹೇಳಬೇಕು, ಸೆಮಿಸ್ಟರ್ ರಜೆಯಲ್ಲಿ ಊರಿಗೆ ಹೋದರೆ ಆ ತಿಂಗಳು ಪೂರ್ತಿ ಕಟ್ಟಬೇಕಾ ಅರ್ಧವಾ, ಈ ನಾಲ್ಕನ್ನೂ ದುಡ್ಡು ಕೊಡುವ ಮೊದಲು ಓನರ್ ಹತ್ತಿರ ವಾಟ್ಸ್ಆ್ಯಪ್‌ನಲ್ಲಿ ಬರೆಸಿಕೊಳ್ಳಿ. ಬಾಯಲ್ಲಿ ಹೇಳಿದ್ದು ಡಿಸೆಂಬರಿಗೆ ಅವರಿಗೆ ನೆನಪಿರಲ್ಲ. ನಾನು ಹತ್ತು ತಿಂಗಳ ಲೆಕ್ಕ ಹಾಕಿದ್ದು ರಜೆಯ ತಿಂಗಳು ಬಿಟ್ಟು. ರಜೆಯಲ್ಲೂ ಪೂರ್ತಿ ಕಟ್ಟಿ ಅಂದರೆ 16,000 ಕೂಡಿಸಿಕೊಳ್ಳಿ, ಆಗ ಆ ಪಿಜಿ ನಿಮ್ಮ ಕೈಗೆ ಎಟುಕುವುದಲ್ಲ. ದುಡ್ಡು ಕ್ಯಾಶ್ ಕೊಡಬೇಡಿ, ಯುಪಿಐನಲ್ಲಿ ಅಡ್ವಾನ್ಸ್ ಅಂತ ಬರೆದು ಕಳಿಸಿ.

ನೋಡದೆ ಟೋಕನ್ ಕಳಿಸುವ ವಿಷಯಕ್ಕೆ ಬಂದರೆ, ಒಂದು ರೂಪಾಯಿಯೂ ಬೇಡ. ನಾನು ಮಿಲಿಟರಿಯಲ್ಲಿದ್ದೇನೆ, ಟ್ರಾನ್ಸ್‌ಫರ್ ಆಗಿದೆ, ಮನೆ ಕೀ ಕಳಿಸುತ್ತೇನೆ, ಟೋಕನ್ ವಾಪಸ್ ಬರಲು ಈ ಕ್ಯೂಆರ್ ಸ್ಕ್ಯಾನ್ ಮಾಡಿ ಅನ್ನುವವರು ಮೋಸಗಾರರು. ದುಡ್ಡು ಬರುವುದಕ್ಕೆ ಯಾರೂ ಸ್ಕ್ಯಾನ್ ಮಾಡಬೇಕಾಗಿಲ್ಲ, ಪಿನ್ ಹಾಕಬೇಕಾಗಿಲ್ಲ. ಹಾಕಿಬಿಟ್ಟಿದ್ದರೆ ತಕ್ಷಣ 1930ಕ್ಕೆ ಫೋನ್ ಮಾಡಿ. ಎಷ್ಟು ಬೇಗ ಮಾಡುತ್ತೀರೋ ಅಷ್ಟು ದುಡ್ಡು ತಡೆಯುವ ಅವಕಾಶ.

ಭೋಗ್ಯ ಬೇಡ. ನಮ್ಮೂರಲ್ಲಿ ಭೋಗ್ಯ ಅಂದರೆ ಗುರುತಿನವರ ಮನೆ, ಮಾಲೀಕರು ಕೆಳಗೇ ಇರುತ್ತಾರೆ, ದುಡ್ಡಿಗೆ ಭಯ ಇಲ್ಲ. ಬೆಂಗಳೂರಲ್ಲಿ ಬೇರೆ ಕಥೆ ನಡೆಯುತ್ತದೆ. ಮಧ್ಯದ ಒಬ್ಬ ಮಾಲೀಕರಿಂದ ತಿಂಗಳ ಬಾಡಿಗೆಗೆ ಮನೆ ಹಿಡಿಯುತ್ತಾನೆ. ಅದನ್ನೇ ನಿಮಗೆ ಲಕ್ಷಗಟ್ಟಲೆ ಭೋಗ್ಯಕ್ಕೆ ಹಾಕುತ್ತಾನೆ. ಕೆಲವು ತಿಂಗಳು ಮಾಲೀಕರಿಗೆ ಬಾಡಿಗೆ ಕಟ್ಟುತ್ತಾನೆ, ಆಮೇಲೆ ನಾಪತ್ತೆ. ಮಾಲೀಕರು ಬಂದು ಬಾಡಿಗೆ ಕೊಡಿ ಇಲ್ಲ ಖಾಲಿ ಮಾಡಿ ಅನ್ನುತ್ತಾರೆ. ಅಷ್ಟು ದುಡ್ಡು ನಿಮ್ಮ ಹತ್ತಿರ ಇಲ್ಲ, ಇಲ್ಲದಿರುವುದೇ ಈಗ ಒಳ್ಳೆಯದಾಯಿತು. ಯಾರಾದರೂ ಓದುಗರು ಹಾಕಿಕೊಳ್ಳುವುದೇ ಆದರೆ ಮಾಲೀಕರನ್ನು ಮುಖತಃ ನೋಡಿ, ಇಸಿ (ಆಸ್ತಿ ಯಾರ ಹೆಸರಲ್ಲಿದೆ, ಅದರ ಮೇಲೆ ಸಾಲ ಇದೆಯಾ ತೋರಿಸುವ ಋಣಭಾರ ಪತ್ರ) ತೆಗೆಸಿ, ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಪತ್ರ ನೋಂದಣಿ ಆದ ಮೇಲೆ ದುಡ್ಡು ಕೊಡಲಿ.

ಎರಡನೇ ವರ್ಷ ಮನೆ ಮಾಡುವಾಗ ಬೇಕಾಗುವ ಎರಡು ಮಾತು ಈಗಲೇ ಹೇಳಿಡುತ್ತೇನೆ. ಎಲ್ಲ ಕರಾರೂ ಹನ್ನೊಂದು ತಿಂಗಳಿಗೆ ಇರುತ್ತದೆ, ಹೆದರಬೇಡಿ. ವರ್ಷ ದಾಟಿದ ಬಾಡಿಗೆ ಕರಾರು ನೋಂದಣಿ ಆಗಬೇಕು ಅಂತ 1908ರ ನೋಂದಣಿ ಕಾಯ್ದೆ ಹೇಳುತ್ತದೆ, ಆ ಖರ್ಚು ತಪ್ಪಿಸಲು ಹೀಗೆ ಮಾಡುತ್ತಾರೆ. ಕರಾರಿನಲ್ಲಿ ನಾಲ್ವರ ಹೆಸರೂ, ಯಾರು ಎಷ್ಟು ಅಡ್ವಾನ್ಸ್ ಕೊಟ್ಟರು ಅನ್ನುವುದೂ ಇರಲಿ. ಮತ್ತೆ ಕರೆಂಟ್ ಮೀಟರ್ ಪ್ರತ್ಯೇಕ ಇದೆಯಾ ನೋಡಿ. ಅಲ್ಲೂ ನಮ್ಮ ಹಾಗೆ ಬೆಸ್ಕಾಂ. ಮನೆಬಳಕೆಯ ಪ್ರತ್ಯೇಕ ಮೀಟರ್ ಇದ್ದರೆ ಬಾಡಿಗೆದಾರರೂ ಗೃಹಜ್ಯೋತಿಗೆ ಅರ್ಜಿ ಹಾಕಬಹುದು. ನಾಲ್ಕು ಮನೆಗೆ ಒಂದೇ ಮೀಟರ್ ಇಟ್ಟು ಯೂನಿಟ್ಟಿಗೆ ಇಷ್ಟು ಅಂತ ವಸೂಲಿ ಮಾಡುವ ಕಡೆ ಅದು ಸಿಗಲ್ಲ.

ಮಾಲೀಕರ ಹತ್ತಿರ ಮಾತಾಡುವುದು ಹೇಗೆ ಅಂತ ನಿಮಗೆ ನಾನು ಕಲಿಸಬೇಕಾಗಿಲ್ಲ. 1965ರಲ್ಲಿ ಜೆಜೆಎಂ ಮೆಡಿಕಲ್ ಕಾಲೇಜು, 1979ರಲ್ಲಿ ಬಿಐಇಟಿ ಎಂಜಿನಿಯರಿಂಗ್ ಕಾಲೇಜು ಬಂದ ಊರು ನಮ್ಮದು. ಎಂಸಿಸಿ ಬಿ ಬ್ಲಾಕಿನಲ್ಲಿ, ವಿದ್ಯಾನಗರದಲ್ಲಿ ಎಷ್ಟೋ ಜನ ಮೇಲ್ಮಹಡಿಯನ್ನು ಸ್ಟೂಡೆಂಟ್‌ಗಳಿಗೇ ಕೊಡುತ್ತಾರೆ. ಹೊರ ರಾಜ್ಯದ ಹುಡುಗರು ಬಂದು ಬೆಲ್ ಒತ್ತಿದಾಗ ನಮ್ಮವರು ಏನೇನು ಕೇಳುತ್ತಾರೆ, ಯಾರಿಗೆ ಇನ್ನೂರು ಐನೂರು ಕಡಿಮೆ ಮಾಡಿ ಕೊಡುತ್ತಾರೆ ಯೋಚಿಸಿ. ಅಪ್ಪ ಅಮ್ಮ ಜೊತೆಯಲ್ಲಿ ಬಂದು ಕೂತು ಮಾತಾಡಿದವರಿಗೆ, ಬಾಡಿಗೆ ತಾರೀಕು ಖಚಿತವಾಗಿ ಹೇಳಿದವರಿಗೆ ಅಲ್ವಾ? ಅಲ್ಲೂ ಅಷ್ಟೇ. ಯಜಮಾನರನ್ನು ಒಂದು ದಿನ ರಜೆ ಹಾಕಿಸಿ ಕರೆದುಕೊಂಡು ಹೋಗಿ. ನಿಮ್ಮದು ಯಾವ ಜನ, ಮಾಂಸ ತಿನ್ನುತ್ತೀರಾ ಅಂತ ಕೇಳುವವರು ಸಿಗುತ್ತಾರೆ. ಸುಳ್ಳು ಹೇಳಿ ಮನೆ ಹಿಡಿಯಬೇಡಿ, ಆಮೇಲೆ ಮಗಳು ದಿನಾ ಹೆದರಿಕೊಂಡು ಇರಬೇಕಾಗುತ್ತದೆ. ಅಂಥ ಮನೆ ಬಿಟ್ಟು ಮುಂದಿನ ಬೀದಿಗೆ ನಡೆಯಿರಿ.

ಊಟದ ಖರ್ಚಲ್ಲಿ ಉಳಿಸುವ ಜಾಗ ಇದೆ. ಪಿಜಿಯಲ್ಲಿ ಮೂರು ಹೊತ್ತು ಊಟ ಅಂದರೂ ಮಧ್ಯಾಹ್ನ ಮಗಳು ಕಾಲೇಜಿನಲ್ಲಿರುತ್ತಾಳೆ. ಡಬ್ಬಿ ಕಟ್ಟಿ ಕೊಡುತ್ತಾರಾ ಕೇಳಿ, ಕೊಡದಿದ್ದರೆ ಎರಡು ಹೊತ್ತಿನ ರೇಟು ಮಾಡಿಸಿ. ಕ್ಯಾಂಟೀನಿನಲ್ಲಿ ದಿನಾ ಅರವತ್ತು ಎಪ್ಪತ್ತು ಹೋದರೆ ತಿಂಗಳಿಗೆ ಒಂದೂವರೆ ಸಾವಿರದ ಮೇಲೆ, ಇದು ಯಾರ ಲೆಕ್ಕದಲ್ಲೂ ಇರಲ್ಲ. ಮಂಡಕ್ಕಿ, ಶೇಂಗಾ ಚಟ್ನಿಪುಡಿ, ಕಟಕ್ ರೊಟ್ಟಿ ನೀವು ಹೇಗೂ ಕಳಿಸುತ್ತೀರಿ. ಸಂಜೆ ಹಸಿವಿಗೆ ಅದು ಸಾಕು.

ಇನ್ನು ನೀವೇ ಹೋಗಿ ಜೊತೆಗಿರುವ ಯೋಚನೆ. ಒಂದು ರೂಮು ಅಡುಗೆಮನೆಯ ಮನೆಗೆ 8,000 ಅಂದರೂ ವರ್ಷಕ್ಕೆ 96,000 ಬಾಡಿಗೆಗೇ ಆಯಿತು, ಇಬ್ಬರ ಊಟ ಇನ್ನೂ ಹೊರಗೆ. ಇಲ್ಲಿ ಯಜಮಾನರು ಹೋಟೆಲ್ ಊಟ. ಎರಡು ಒಲೆ ಉರಿಸುವ ಸಂಬಳ ಅಲ್ಲ ಅದು. ಮಗಳಿಗೆ ಹದಿನೆಂಟು ಆಗಿದೆ. ಮೊದಲ ವಾರ ಜೊತೆಗಿದ್ದು ಬ್ಯಾಂಕು, ಬಸ್ಸು, ಡಾಕ್ಟರ್ ಅಂಗಡಿ ಎಲ್ಲಿದೆ ತೋರಿಸಿ ಬನ್ನಿ. ಆಮೇಲೆ ಮನಸ್ಸು ತಡೆಯದಿದ್ದಾಗ ಹೋಗಿ, ಕೆಎಸ್ಸಾರ್ಟಿಸಿಯ ಸಾಮಾನ್ಯ ಬಸ್ಸಿನಲ್ಲಿ ನಿಮಗೂ ಶಕ್ತಿ ಇದೆ, ರಾಜಹಂಸ, ಐರಾವತ ಹತ್ತಬೇಡಿ ಅಷ್ಟೇ. ಬಹಳಷ್ಟು ಲೇಡೀಸ್ ಪಿಜಿಗಳಲ್ಲಿ ದಿನಕ್ಕೆ ಇಷ್ಟು ಅಂತ ತಗೊಂಡು ತಾಯಿಯನ್ನು ಒಂದೆರಡು ದಿನ ಉಳಿಯಲು ಬಿಡುತ್ತಾರೆ. ಅದು ಎಷ್ಟು ಅಂತ ಸೇರಿಸುವ ದಿನವೇ ಕೇಳಿಟ್ಟುಕೊಳ್ಳಿ.